ಪ್ಲಾಸ್ಟರ್ ಕಾಲಿಗೆ ವಿಮಾನದ ಮೆಟ್ಟಿಲು

ಬೆಂಗಳೂರಿನಿಂದ ಹೊಸೂರಿನ ಕಡೆಗೆ ಹೊರಟವರಿಗೆ ಎಲೆಕ್ಟ್ರಾನಿಕ್ ಸಿಟಿ ಮುಗಿಯಿತು ಎನ್ನುವಷ್ಟರಲ್ಲಿ ಹೆಬ್ಬಗೋಡಿ ಎದುರಾಗುತ್ತದೆ. ಆನೇಕಲ್ ತಾಲ್ಲೂಕಿನ ಈ ಊರು ಒಂದು ಕಾಲಕ್ಕೆ ರಾಗಿ ಹೊಲ, ಕೆರೆ, ನಾಲ್ಕಾರು ಬೀದಿಗಳ ಹಳ್ಳಿ. ಈಗ ನೆಲದ ಮೇಲೆ ಲಾರಿ, ಕಂಪನಿ ಬಸ್ಸುಗಳ ಸಾಲು. ತಲೆಯ ಮೇಲೆ 2025ರ ಆಗಸ್ಟ್‌ನಲ್ಲಿ ಸಂಚಾರ ಆರಂಭಿಸಿದ ಹಳದಿ ಮಾರ್ಗದ ಮೆಟ್ರೊ. 1970ರ ದಶಕದಲ್ಲಿ ಆರ್.ಕೆ. ಬಾಳಿಗರ ಕನಸಿನಂತೆ ಕಿಯೋನಿಕ್ಸ್ ಸಂಸ್ಥೆಯು ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ತಳಪಾಯ ಹಾಕಿತು. ಅದರ ದಕ್ಷಿಣಕ್ಕೆ ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಗಳ ಕಾರ್ಖಾನೆಗಳು ಬೆಳೆದವು. ನಡುವೆ ಸಿಕ್ಕಿದ ಹೆಬ್ಬಗೋಡಿ ಎರಡೂ ಕಡೆಯವರಿಗೆ ಮನೆಯಾಯಿತು.

ಈ ಊರಿನ ಬೀದಿಗಳಲ್ಲಿ ಎರಡು ಬಗೆಯ ಪರಊರಿನವರನ್ನು ಕಾಣಬಹುದು. ಒಂದು, ದುಡಿಯಲು ಬಂದವರು. ಒಡಿಶಾ, ಬಿಹಾರ, ಜಾರ್ಖಂಡ್, ಅಸ್ಸಾಂಗಳಿಂದಲೂ, ನಮ್ಮ ಕಲಬುರಗಿ, ರಾಯಚೂರುಗಳಿಂದಲೂ ಬಂದು ವಠಾರದ ಒಂದೇ ಕೋಣೆಯಲ್ಲಿ ನಾಲ್ಕೈದು ಮಂದಿ ಇರುವವರು. ಇನ್ನೊಂದು, ವಾಸಿ ಮಾಡಿಸಿಕೊಳ್ಳಲು ಬಂದವರು. ಡಾ. ದೇವಿ ಶೆಟ್ಟಿಯವರು 2000ದಲ್ಲಿ ಪಕ್ಕದ ಬೊಮ್ಮಸಂದ್ರದಲ್ಲಿ ನಾರಾಯಣ ಹೃದಯಾಲಯ ಆರಂಭಿಸಿದ ಮೇಲೆ ಬಂಗಾಳದಿಂದ, ಬಾಂಗ್ಲಾದೇಶದಿಂದ ರೋಗಿಗಳು ಬರತೊಡಗಿದರು. ಆಸ್ಪತ್ರೆಯ ಸುತ್ತಲಿನ ಲಾಡ್ಜುಗಳ ಫಲಕ ಬಂಗಾಳಿಯಲ್ಲಿವೆ. ಅಲ್ಲಿನ ಹೋಟೆಲುಗಳಲ್ಲಿ ಮುದ್ದೆಗಿಂತ ಮೀನು-ಅನ್ನ ಸುಲಭವಾಗಿ ಸಿಗುತ್ತದೆ.

ದುಡಿಯಲು ಬಂದವನಿಗೆ ಪೆಟ್ಟಾಗುತ್ತದೆ, ಊರಿಗೆ ಹೋಗಬೇಕೆನಿಸುತ್ತದೆ. ಚಿಕಿತ್ಸೆಗೆ ಬಂದವನ ಹೊಲಿಗೆ ಇನ್ನೂ ಹಸಿಯಾಗಿರುವಾಗಲೇ ಲಾಡ್ಜಿನ ಬಾಡಿಗೆ ಏರುತ್ತದೆ, ಅವನಿಗೂ ಊರಿಗೆ ಹೋಗಬೇಕೆನಿಸುತ್ತದೆ. ಹಿಂದೆ ಇಬ್ಬರಿಗೂ ರೈಲೊಂದೇ ಗತಿಯಾಗಿತ್ತು. ವಿಮಾನವೆಂದರೆ ಸಾಹುಕಾರರ ಸವಾರಿ. ಈಗ ಮುಂಚಿತವಾಗಿ ಕೊಂಡರೆ ಕಂತ್ರಾಟು ಕೆಲಸಗಾರನ ಕೈಗೂ ಎಟಕುವ ಟಿಕೆಟ್ಟುಗಳಿವೆ. ಹೀಗಾಗಿ ಒಂದು ಹೊಸ ಪ್ರಶ್ನೆ ಹುಟ್ಟಿಕೊಂಡಿದೆ: ಈ ಗಾಯ ಇಟ್ಟುಕೊಂಡು ವಿಮಾನ ಹತ್ತಬಹುದೆ?

ಕೆಲವರು 'ಅಯ್ಯೋ, ಎರಡು ಗಂಟೆಯ ಮಾತು, ಕೂತು ಎದ್ದರಾಯಿತು' ಎನ್ನುತ್ತಾರೆ. ಇನ್ನು ಕೆಲವರು 'ಬೇಡವೇ ಬೇಡ, ಮೇಲೆ ಹೋದರೆ ರಕ್ತ ಒಡೆಯುತ್ತದೆ' ಎಂದು ಹೆದರಿಸುತ್ತಾರೆ. ಎರಡೂ ಸರಿಯಲ್ಲ. ಇದು ಧೈರ್ಯದ ಪ್ರಶ್ನೆಯಲ್ಲ, ಲೆಕ್ಕದ ಪ್ರಶ್ನೆ. ಆ ಲೆಕ್ಕ ಹೈಸ್ಕೂಲಿನ ವಿಜ್ಞಾನ ಪುಸ್ತಕದಲ್ಲೇ ಇದೆ.

ಊಟಿಯಷ್ಟು ಎತ್ತರ

ವಿಮಾನ ಹಾರುವುದು ಮೂವತ್ತು, ನಲವತ್ತು ಸಾವಿರ ಅಡಿ ಎತ್ತರದಲ್ಲಿ. ಅಲ್ಲಿನ ಗಾಳಿಯಲ್ಲಿ ಮನುಷ್ಯ ಬದುಕಲಾರ. ಆದ್ದರಿಂದ ವಿಮಾನದ ಒಳಗೆ ಗಾಳಿಯನ್ನು ತುಂಬಿ ಒತ್ತಡ ಕಾಯ್ದುಕೊಳ್ಳುತ್ತಾರೆ. ಆದರೆ ನೆಲದ ಮೇಲಿನಷ್ಟೇ ಒತ್ತಡವನ್ನು ಇಡುವುದಿಲ್ಲ. ಇಟ್ಟರೆ ಒಳಗಿನ ಗಾಳಿ ಹೊರಕ್ಕೆ ತಳ್ಳುವ ಬಲಕ್ಕೆ ವಿಮಾನದ ಮೈ ಇನ್ನೂ ದಪ್ಪವಿರಬೇಕಾಗುತ್ತದೆ, ತೂಕ ಹೆಚ್ಚುತ್ತದೆ. ಅದಕ್ಕಾಗಿ ಸುಮಾರು 8,000 ಅಡಿ, ಅಂದರೆ 2,440 ಮೀಟರ್ ಎತ್ತರದ ಬೆಟ್ಟದ ಮೇಲೆ ಇರುವ ಒತ್ತಡಕ್ಕೆ ಕಡಿಮೆಯಾಗದಂತೆ ನೋಡಿಕೊಳ್ಳುತ್ತಾರೆ. ಬೋಯಿಂಗ್ 787ರಂಥ ಹೊಸ ವಿಮಾನಗಳ ಮೈ ಲೋಹದ ಬದಲು ಇಂಗಾಲದ ಎಳೆಗಳಿಂದ ಮಾಡಿದ ಗಟ್ಟಿ ವಸ್ತುವಿನದಾದ್ದರಿಂದ ಅವುಗಳಲ್ಲಿ ಇದು 6,000 ಅಡಿಗೆ ಇಳಿದಿದೆ.

ನಮಗೆ ಪರಿಚಯದ ಜಾಗಗಳನ್ನೇ ತೆಗೆದುಕೊಳ್ಳಿ. ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್. ಊಟಿಯದು ಸುಮಾರು 2,240. ಅಲ್ಲಿನ ದೊಡ್ಡಬೆಟ್ಟದ್ದು 2,637. ಅಂದರೆ ವಿಮಾನದಲ್ಲಿ ಕುಳಿತವನು ಊಟಿಗಿಂತ ತುಸು ಮೇಲೆ, ದೊಡ್ಡಬೆಟ್ಟದ ತುದಿಗಿಂತ ತುಸು ಕೆಳಗೆ ಕುಳಿತ ಹಾಗೆ. ಮಸಿನಗುಡಿಯಿಂದ ಕಲ್ಲಟ್ಟಿಯ 36 ತಿರುವುಗಳನ್ನು ಏರುವಾಗ ಚಿಪ್ಸ್ ಪೊಟ್ಟಣ ಉಬ್ಬಿ ಬಿರಿಯುವಂತಾಗುವುದನ್ನು ಪ್ರವಾಸ ಹೋದ ಮಕ್ಕಳೆಲ್ಲ ನೋಡಿರುತ್ತಾರೆ. ಊಟಿಗೆ ಏರಲು ನಮಗೆ ಅರ್ಧ ದಿನ ಬೇಕು. ವಿಮಾನ ಇಪ್ಪತ್ತು, ಇಪ್ಪತ್ತೈದು ನಿಮಿಷಗಳಲ್ಲಿ ಏರಿಸಿಬಿಡುತ್ತದೆ.

ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ 760 ಮಿಲಿಮೀಟರ್ ಪಾದರಸ. ಬೆಂಗಳೂರು 900 ಮೀಟರಿಗಿಂತ ಮೇಲಿರುವುದರಿಂದ ನಮ್ಮಲ್ಲಿ ಅದು ಸುಮಾರು 680. ವಿಮಾನದ ಒಳಗೆ ಸುಮಾರು 565. ಒತ್ತಡ ಕಡಿಮೆಯಾದಷ್ಟೂ ಮುಚ್ಚಿದ ಜಾಗದಲ್ಲಿರುವ ಗಾಳಿ ಹಿಗ್ಗುತ್ತದೆ ಎಂಬುದು ಬಾಯ್ಲ್‌ನ ನಿಯಮ. ಸೂಜಿಯಿಲ್ಲದ ಸಿರಿಂಜಿನೊಳಗೆ ಪುಟ್ಟ ಬಲೂನನ್ನಿಟ್ಟು, ತುದಿಯನ್ನು ಬೆರಳಿನಿಂದ ಮುಚ್ಚಿ, ಪಿಸ್ಟನ್ ಎಳೆದರೆ ಬಲೂನು ತಾನೇ ಊದಿಕೊಳ್ಳುತ್ತದೆ. ತರಗತಿಯಲ್ಲಿ ಪ್ರತಿ ವರ್ಷ ಚಪ್ಪಾಳೆ ಗಿಟ್ಟಿಸುವ ಪ್ರಯೋಗ ಇದು. ಬೆಂಗಳೂರಿನಲ್ಲಿ 100 ಮಿಲಿಲೀಟರ್ ಇದ್ದ ಗಾಳಿ ವಿಮಾನದಲ್ಲಿ 120 ಆಗುತ್ತದೆ. ಚೆನ್ನೈಯಂಥ ಕಡಲ ಊರಿನಿಂದ ಹೊರಟರೆ ಸುಮಾರು 135. ನಮ್ಮ ಊರಿನವರು ಆಗಲೇ ಮೂರು ಸಾವಿರ ಅಡಿ ಏರಿ ಕುಳಿತಿರುವುದರಿಂದ ಅಷ್ಟು ಲಾಭ.

ಆರೋಗ್ಯವಂತನಿಗೆ ಇದರಿಂದ ಕಿವಿ ಗುಂಯ್‌ಗುಡುವುದು, ಹೊಟ್ಟೆ ಉಬ್ಬರಿಸುವುದು ಬಿಟ್ಟರೆ ಬೇರೇನೂ ಆಗದು. ಗಾಯಗೊಂಡವನು ಮಾತ್ರ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ನನ್ನ ಮೈಯಲ್ಲಿ, ಅಥವಾ ಮೈಗೆ ಸುತ್ತಿದ ಕಟ್ಟಿನಲ್ಲಿ, ಹೊರಬರಲು ದಾರಿಯಿಲ್ಲದೆ ಸಿಕ್ಕಿಕೊಂಡ ಗಾಳಿ ಇದೆಯೆ?

ಐದು ನಿಮಿಷದ ತಕರಾರು

ನಮ್ಮ ಶಾಲೆಯ ಒಬ್ಬ ಹುಡುಗನ ತಂದೆ ಒಡಿಶಾದವರು. ಇಲ್ಲಿನ ಕಾರ್ಖಾನೆಯೊಂದರಲ್ಲಿ ಲೋಡಿಂಗ್ ಕೆಲಸ. ಲಾರಿಯಿಂದ ಜಾರಿಬಿದ್ದು ಮೊಣಕಾಲಿನ ಕೆಳಗಿನ ಮೂಳೆ ಮುರಿಯಿತು. ರಾತ್ರಿ ಒಂಬತ್ತಕ್ಕೆ ಪ್ಲಾಸ್ಟರ್ ಹಾಕಿದರು. ಮರುದಿನ ಮಧ್ಯಾಹ್ನ ಊರಿನಿಂದ ಫೋನು: ತಾಯಿಗೆ ಪ್ರಜ್ಞೆಯಿಲ್ಲ. ತಮ್ಮ ಸಾಲ ಮಾಡಿ, ಅದರ ಮರುದಿನ ಬೆಳಗಿನ ಆರು ಗಂಟೆಯ ಭುವನೇಶ್ವರದ ಟಿಕೆಟ್ ಮಾಡಿಸಿದ. ಸಂಜೆ ಹುಡುಗ ಬಂದು, 'ಸಾರ್, ಅಪ್ಪ ವಿಮಾನ ಹತ್ತಬಹುದಾ?' ಎಂದು ಕೇಳಿದ.

ಹೆಚ್ಚಿನ ವಿಮಾನ ಸಂಸ್ಥೆಗಳ ನಿಯಮ ಸರಳವಾಗಿದೆ. ಇಡೀ ಪ್ಲಾಸ್ಟರ್ ಹಾಕಿದ ಮೇಲೆ, ಎರಡು ಗಂಟೆಗಿಂತ ಕಡಿಮೆ ಹಾರಾಟಕ್ಕೆ 24 ಗಂಟೆ, ಅದಕ್ಕಿಂತ ಹೆಚ್ಚಿನದಕ್ಕೆ 48 ಗಂಟೆ ಕಳೆದಿರಬೇಕು. ವಿಮಾನ ಏಳುವ ಹೊತ್ತಿಗೆ ಆ ಪ್ಲಾಸ್ಟರಿಗೆ 33 ಗಂಟೆಯಾಗುತ್ತಿತ್ತು. ಟಿಕೆಟ್ಟಿನಲ್ಲಿ ಬರೆದ ಹಾರಾಟದ ಹೊತ್ತು ಎರಡು ಗಂಟೆ ಐದು ನಿಮಿಷ.

ಕೋಣೆಗೆ ಹೋಗಿ ವಿಷಯ ತಿಳಿಸಿದಾಗ ತಂದೆ ಮಂಚದ ಮೇಲಿಂದಲೇ ಕೇಳಿದರು: 'ಐದು ನಿಮಿಷಕ್ಕೆ ಇಷ್ಟು ತಕರಾರಾ, ಸಾರ್? ಟಿಕೆಟ್ ದುಡ್ಡು ವಾಪಸ್ ಬರಲ್ಲ.' ನ್ಯಾಯವಾದ ಮಾತು. ಆದರೆ ಈ ಗಂಟೆಗಳ ಹಿಂದೆ ಎರಡು ಕಾರಣಗಳಿವೆ. ಮೂಳೆ ಮುರಿದ ಮೊದಲ ಎರಡು ದಿನ ಬಾವು ಏರುತ್ತಿರುತ್ತದೆ. ಪ್ಲಾಸ್ಟರೋ ಕಲ್ಲಿನಂತೆ, ಹಿಗ್ಗದು. ಅದರ ಕೆಳಗಿನ ಹತ್ತಿಯ ಪದರದಲ್ಲಿ ಸಿಕ್ಕಿಕೊಂಡ ಗಾಳಿ ಮೇಲೆ ಹೋದಾಗ ಹಿಗ್ಗುತ್ತದೆ. ಹೊರಗೆ ಜಾಗವಿಲ್ಲ, ಒತ್ತುವುದು ಒಳಗೆ, ಮಾಂಸಖಂಡವನ್ನು, ರಕ್ತನಾಳವನ್ನು. ರಕ್ತ ಓಡದೆ ಬೆರಳುಗಳು ತಣ್ಣಗಾಗಿ, ಜೋಮು ಹಿಡಿದು, ನೀಲಿಗಟ್ಟುತ್ತವೆ. ಕೆಲವು ಗಂಟೆ ಹಾಗೆಯೇ ಬಿಟ್ಟರೆ ಮಾಂಸಖಂಡ ಸತ್ತುಹೋಗಬಹುದು, ಕಾಲೇ ಹೋಗಬಹುದು. ಆಕಾಶದ ನಡುವೆ ಪ್ಲಾಸ್ಟರ್ ಕತ್ತರಿಸುವವರು ಯಾರು?

ಈ ನಿಯಮಕ್ಕೂ ಒಂದು ಬಾಗಿಲಿದೆ, ಕೀಲಿ ವೈದ್ಯರ ಕೈಯಲ್ಲಿದೆ. ಹೋಗಲೇಬೇಕಾದ ಸಂದರ್ಭವಿದ್ದರೆ ಪ್ಲಾಸ್ಟರನ್ನು ಮೇಲಿಂದ ಕೆಳಗಿನವರೆಗೆ ಉದ್ದಕ್ಕೆ ಸೀಳುತ್ತಾರೆ. ಒಳಗಿನ ಹತ್ತಿಯನ್ನೂ ಬಿಡಿಸಿ, ಬ್ಯಾಂಡೇಜು ಸುತ್ತುತ್ತಾರೆ. ಮೂಳೆ ಅಲ್ಲಾಡದು, ಆದರೆ ಬಾವಿಗೆ, ಗಾಳಿಗೆ ಹಿಗ್ಗಲು ಜಾಗ ಸಿಗುತ್ತದೆ. ಅಂದು ರಾತ್ರಿ ಪ್ಲಾಸ್ಟರ್ ಹಾಕಿದ ವೈದ್ಯರ ಬಳಿಗೇ ಕರೆದೊಯ್ದರು. ಅವರು ಕಾಲ್ಬೆರಳುಗಳನ್ನು ಒತ್ತಿ ನೋಡಿ, ಬಾವು ಇರುವುದನ್ನು ಕಂಡು, ಪ್ಲಾಸ್ಟರ್ ಸೀಳಿ, ಏನು ಮಾಡಿದ್ದೇನೆಂದು ಚೀಟಿ ಬರೆದುಕೊಟ್ಟರು. ವಿಮಾನ ಸಂಸ್ಥೆಗೆ ರಾತ್ರಿಯೇ ಫೋನಿನಲ್ಲಿ ತಿಳಿಸಿದರು. ಬೆಳಿಗ್ಗೆ ಅಲ್ಲಿನವರು ಚೀಟಿ ಓದಿ, ಗಾಲಿಕುರ್ಚಿ ತರಿಸಿ ಕೂರಿಸಿಕೊಂಡರು. ಮಧ್ಯಾಹ್ನದ ಹೊತ್ತಿಗೆ ತಾಯಿಯ ಹಾಸಿಗೆಯ ಪಕ್ಕದಲ್ಲಿದ್ದರು. ಆಕೆ ಮೂರು ದಿನ ಬದುಕಿದ್ದರಂತೆ.

ಚೀಟಿಯಿಲ್ಲದೆ, ಸೀಳದ ಪ್ಲಾಸ್ಟರಿನಲ್ಲಿ ಹೋಗಿದ್ದರೆ? ಕೌಂಟರಿನಲ್ಲೇ ತಡೆಯುತ್ತಿದ್ದರು. ತಡೆಯದೆ ಬಿಟ್ಟಿದ್ದರೆ ಅದು ಇನ್ನೂ ಕೆಟ್ಟದ್ದು.

ಗಾಳಿ ಸಿಕ್ಕಿಕೊಳ್ಳುವ ಜಾಗಗಳು

ಪ್ಲಾಸ್ಟರ್ ಕಣ್ಣಿಗೆ ಕಾಣುತ್ತದೆ. ಕಾಣದ ಗಾಯಗಳದೇ ಹೆಚ್ಚಿನ ಭಯ. ಎದೆಗೆ ಪೆಟ್ಟು ಬಿದ್ದು ಪಕ್ಕೆಲುಬು ಮುರಿದಾಗ ಕೆಲವೊಮ್ಮೆ ಶ್ವಾಸಕೋಶಕ್ಕೆ ಚುಚ್ಚಿ, ಅದರ ಸುತ್ತ ಗಾಳಿ ಸೇರುತ್ತದೆ. ವೈದ್ಯರು ನ್ಯೂಮೊಥೊರಾಕ್ಸ್ ಎನ್ನುವುದು ಇದನ್ನೇ. ಈ ಗಾಳಿ ವಿಮಾನದಲ್ಲಿ ಹಿಗ್ಗಿದರೆ ಶ್ವಾಸಕೋಶ ಮುದುಡುತ್ತದೆ. ಅದು ಪೂರ್ತಿ ಹಿಗ್ಗಿಕೊಂಡಿದೆ ಎಂದು ಎಕ್ಸ್-ರೇಯಲ್ಲಿ ಖಚಿತವಾದ ಮೇಲೂ ಒಂದರಿಂದ ಎರಡು ವಾರ ಕಾಯಬೇಕು. ಬೈಕಿನಿಂದ ಬಿದ್ದವರು 'ಪಕ್ಕೆ ನೋವು ಅಷ್ಟೆ' ಎಂದು ಟಿಕೆಟ್ ಕೊಳ್ಳುವ ಮುನ್ನ ಒಂದು ಎಕ್ಸ್-ರೇ ತೆಗೆಸುವುದು ಮೇಲು.

ತಲೆಬುರುಡೆ ಬಿರುಕು ಬಿಟ್ಟಾಗ, ತಲೆಯ ಶಸ್ತ್ರಚಿಕಿತ್ಸೆಯಾದಾಗ ಒಳಗೆ ಗಾಳಿ ಉಳಿದಿರಬಹುದು. ಗಾಳಿಯಿಲ್ಲವೆಂದು ಸ್ಕ್ಯಾನ್ ನೋಡಿ ವೈದ್ಯರು ಹೇಳುವವರೆಗೆ ವಿಮಾನ ಬೇಡ. ಕಣ್ಣಿನ ಅಕ್ಷಿಪಟಲ ಕಳಚಿಕೊಂಡಾಗ ಕೆಲವರಿಗೆ ಕಣ್ಣಿನೊಳಗೆ ಅನಿಲದ ಗುಳ್ಳೆಯನ್ನು ತುಂಬಿರುತ್ತಾರೆ. ಅದು ತಾನಾಗಿ ಕರಗಲು ವಾರಗಳೇ ಬೇಕು. ಅಷ್ಟರೊಳಗೆ ಹಾರಿದರೆ ಕಣ್ಣೇ ಹೋಗಬಹುದು. ಇವರು ಊಟಿಯ ಬಸ್ಸನ್ನೂ ಹತ್ತಬಾರದು. ಬೆಟ್ಟವಾದರೇನು, ವಿಮಾನವಾದರೇನು, ಗುಳ್ಳೆಗೆ ವ್ಯತ್ಯಾಸ ತಿಳಿಯದು. ಎದೆ ತೆರೆದು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರನ್ನು ಮೊದಲ ಹತ್ತು ದಿನ ವಿಮಾನ ಸಂಸ್ಥೆಯ ವೈದ್ಯರು ಪರಿಶೀಲಿಸಿಯೇ ಬಿಡುತ್ತಾರೆ.

ಗಾಳಿಯಷ್ಟೇ ಅಲ್ಲ, ಆಮ್ಲಜನಕದ ಲೆಕ್ಕವೂ ಇದೆ. ಒತ್ತಡ ಇಳಿದಾಗ ರಕ್ತಕ್ಕೆ ಸೇರುವ ಆಮ್ಲಜನಕವೂ ತುಸು ಇಳಿಯುತ್ತದೆ. ಅಪಘಾತದಲ್ಲಿ ರಕ್ತ ಹೋಗಿ ಹಿಮೊಗ್ಲೋಬಿನ್ ಏಳೂವರೆ ಗ್ರಾಂಗಿಂತ ಕೆಳಗಿಳಿದವರು ವೈದ್ಯರ ಪರಿಶೀಲನೆಯಿಲ್ಲದೆ ಹಾರಬಾರದೆಂಬುದು ಅದಕ್ಕಾಗಿಯೇ. ಇಷ್ಟೆಲ್ಲ ಹೇಳಿದ ಮೇಲೆ ಇದನ್ನೂ ಹೇಳಬೇಕು: ಕೈಬೆರಳಿನ ಮುರಿತ, ಉಳುಕಿದ ಪಾದ, ಕೆಲವು ದಿನ ಹಳೆಯದಾದ ಮುಂಗೈ ಪ್ಲಾಸ್ಟರು ಇವುಗಳಿಗೆ ಹೆದರಬೇಕಾಗಿಲ್ಲ.

ಕುಂಬ್ಳೆಯವರ ದವಡೆ

ಪೆಟ್ಟು ತಿಂದು ವಿಮಾನ ಹತ್ತಿದ ಕನ್ನಡಿಗರಲ್ಲಿ ಎಲ್ಲರಿಗೂ ನೆನಪಿರುವವರು ಅನಿಲ್ ಕುಂಬ್ಳೆ. 2002ರ ಮೇ ತಿಂಗಳಲ್ಲಿ ಆಂಟಿಗಾದಲ್ಲಿ ಟೆಸ್ಟ್ ಪಂದ್ಯ. ಬ್ಯಾಟ್ ಮಾಡುವಾಗ ಮರ್ವಿನ್ ಡಿಲನ್ ಎಸೆದ ಚೆಂಡು ಬಡಿದು ದವಡೆ ಮುರಿಯಿತು. ತಲೆಗೂ ಗಲ್ಲಕ್ಕೂ ಬ್ಯಾಂಡೇಜು ಬಿಗಿದುಕೊಂಡು ಬಂದು 14 ಓವರು ಬೌಲ್ ಮಾಡಿ, ಬ್ರಯನ್ ಲಾರಾ ಅವರನ್ನು ಔಟ್ ಮಾಡಿದರು. ಆಮೇಲೆ ಶಸ್ತ್ರಚಿಕಿತ್ಸೆಗೆಂದು ಬೆಂಗಳೂರಿಗೆ ಹೊರಟರು. ಭೂಮಿಯ ಆ ಪಕ್ಕದಿಂದ ಈ ಪಕ್ಕಕ್ಕೆ, ಅಟ್ಲಾಂಟಿಕ್ ದಾಟಿ.

ಬೌಲ್ ಮಾಡಿದ್ದು ಧೈರ್ಯ. ವಿಮಾನ ಹತ್ತಿದ್ದು ಬೇರೆ ಲೆಕ್ಕ. ಮುರಿದ ಕೆಳದವಡೆ ಪ್ಲಾಸ್ಟರಿನೊಳಗಿನ ಕಾಲಿನಂತೆ ಅಲ್ಲ. ಬಾವಿಗೆ ಹಿಗ್ಗಲು ಜಾಗವಿದೆ. ಕಟ್ಟಿದ್ದದ್ದು ಬಿಚ್ಚಬಹುದಾದ ಬ್ಯಾಂಡೇಜು. ದವಡೆಯ ಗಾಯದಲ್ಲಿ ಅಪಾಯ ಬರುವುದು ಶಸ್ತ್ರಚಿಕಿತ್ಸೆಯ ನಂತರ, ಮೇಲಿನ-ಕೆಳಗಿನ ಹಲ್ಲುಗಳನ್ನು ತಂತಿಯಿಂದ ಬಿಗಿದಾಗ. ವಿಮಾನದಲ್ಲಿ ವಾಂತಿ ಬಂದರೆ ಬಾಯಿ ತೆರೆಯಲಾಗದೆ ಉಸಿರು ಕಟ್ಟುತ್ತದೆ. ಅದಕ್ಕೇ ಅಂಥವರ ಜೊತೆಗೆ ತಂತಿ ಕತ್ತರಿಸಲು ಬರುವ ಒಬ್ಬರು, ಅವರ ಬಳಿ ಕತ್ತರಿ ಇರಬೇಕೆಂದು ವಿಮಾನ ಸಂಸ್ಥೆಗಳು ಹೇಳುತ್ತವೆ. ಭದ್ರತಾ ತಪಾಸಣೆಯಲ್ಲಿ ಕತ್ತರಿ ಕಿತ್ತುಕೊಳ್ಳದಿರಲು ಸಂಸ್ಥೆಯ ಒಪ್ಪಿಗೆ, ವೈದ್ಯರ ಪತ್ರ ಎರಡೂ ಮೊದಲೇ ಬೇಕು.

ಇದಕ್ಕೆ ಎದುರಾದ ಉದಾಹರಣೆ ರಿಷಭ್ ಪಂತ್ ಅವರದು. 2022ರ ಡಿಸೆಂಬರ್ 30ರಂದು ರೂರ್ಕಿಯ ಬಳಿ ಕಾರು ಅಪಘಾತ. ಮೊಣಕಾಲಿನ ಅಸ್ಥಿಬಂಧ ಹರಿದಿತ್ತು. ಎಲ್ಲರೂ ಹೋಗುವ ವಿಮಾನದಲ್ಲಿ ಪಯಣಿಸುವ ಸ್ಥಿತಿಯಲ್ಲಿಲ್ಲವೆಂದು 2023ರ ಜನವರಿ 4ರಂದು ಏರ್ ಆಂಬುಲೆನ್ಸಿನಲ್ಲಿ ಡೆಹ್ರಾಡೂನಿನಿಂದ ಮುಂಬಯಿಗೆ ಕರೆತಂದರು. ಅಂಥ ಅನುಕೂಲ ಹೆಬ್ಬಗೋಡಿಯ ವಠಾರದವರಿಗೆ ಎಲ್ಲಿಂದ ಬರಬೇಕು? ಅವರಿಗಿರುವ ಏಕೈಕ ಅನುಕೂಲ ಮೊದಲೇ ಕೇಳಿ ತಿಳಿದುಕೊಳ್ಳುವುದು.

ದೇವನಹಳ್ಳಿಯ ದಾರಿ

ಹೆಬ್ಬಗೋಡಿಯಿಂದ ಹೊರಡುವವರು ಮರೆಯುವ ಇನ್ನೊಂದು ಸಂಗತಿಯಿದೆ. ಕಷ್ಟದ ಪಯಣ ಆಕಾಶದ್ದಲ್ಲ, ರಸ್ತೆಯದು. ಎಚ್‌ಎಎಲ್ ನಿಲ್ದಾಣದಿಂದ ವಿಮಾನಗಳು ಹಾರುತ್ತಿದ್ದ ಕಾಲದಲ್ಲಿ ದೂರ ಹೆಚ್ಚಿರಲಿಲ್ಲ. 2008ರ ಮೇ ತಿಂಗಳಲ್ಲಿ ನಿಲ್ದಾಣ ದೇವನಹಳ್ಳಿಗೆ ಹೋಯಿತು. ನಾವು ನಗರದ ದಕ್ಷಿಣದ ತುದಿ, ಅದು ಉತ್ತರದ ತುದಿ. ನಡುವೆ ಐವತ್ತು ಕಿಲೋಮೀಟರಿಗೂ ಹೆಚ್ಚು. 2010ರಲ್ಲಿ ತೆರೆದ ಮೇಲುರಸ್ತೆ ಎಲೆಕ್ಟ್ರಾನಿಕ್ ಸಿಟಿಯಿಂದ ಸಿಲ್ಕ್ ಬೋರ್ಡ್‌ವರೆಗೆ ಸರಾಗ. ಆಮೇಲೆ ನಗರದ ದಟ್ಟಣೆ. ಎಲೆಕ್ಟ್ರಾನಿಕ್ ಸಿಟಿಯಿಂದ ವಾಯು ವಜ್ರ ಬಸ್ಸಿದೆ, ಆದರೆ ಪ್ಲಾಸ್ಟರ್ ಕಾಲನ್ನು ಚಾಚಿ ಕೂರಲು ಅದರಲ್ಲಿ ಎಡೆಯಿಲ್ಲ. ಒಡಿಶಾದವರು ಬೆಳಗಿನ ಆರರ ವಿಮಾನಕ್ಕೆ ರಾತ್ರಿ ಒಂದೂವರೆಗೇ ಹೊರಟರು, ಕಾರಿನ ಹಿಂದಿನ ಸೀಟಿನಲ್ಲಿ ಕಾಲನ್ನು ದಿಂಬಿನ ಮೇಲಿಟ್ಟು.

ಕಾಲು ಕೆಳಗೆ ಇಳಿಬಿಟ್ಟು ಅಲ್ಲಾಡದೆ ಗಂಟೆಗಟ್ಟಲೆ ಕುಳಿತರೆ ಮೀನಖಂಡದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಸಂಚಕಾರ. ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಕುಳಿತು ಪಯಣಿಸಿದರೆ ಈ ಅಪಾಯ ಸುಮಾರು ಇಮ್ಮಡಿಯಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿತು. ಆರೋಗ್ಯವಂತರಲ್ಲಿ ಅದು ಆರು ಸಾವಿರಕ್ಕೆ ಒಬ್ಬರು. ಕಾಲು ಮುರಿದವರಲ್ಲಿ ಅದಕ್ಕಿಂತ ಹೆಚ್ಚು. ಇದು ವಿಮಾನಕ್ಕೆ ಮಾತ್ರವಲ್ಲ, ಬಸ್ಸು, ಕಾರು, ರೈಲುಗಳಿಗೂ ಅನ್ವಯಿಸುವ ಮಾತು. ನೀರು ಕುಡಿಯುತ್ತಿರಬೇಕು, ಪ್ಲಾಸ್ಟರಿಲ್ಲದ ಕಾಲಿನ ಪಾದವನ್ನು ಆಡಿಸುತ್ತಿರಬೇಕು. ರಕ್ತ ತಿಳಿಯಾಗಿಸುವ ಚುಚ್ಚುಮದ್ದು ಬೇಕೇ ಎಂದು ವೈದ್ಯರನ್ನು ಕೇಳಬೇಕು, ತಾವೇ ನಿರ್ಧರಿಸಬಾರದು.

ಹಾಗಾದರೆ ರೈಲೇ ಲೇಸೆ? ಪೂರ್ವ, ಈಶಾನ್ಯ ಭಾರತದ ಕಡೆಗಿನ ಹಲವು ರೈಲುಗಳು ಈಗ ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ ಹೊರಡುತ್ತವೆ. 2022ರಲ್ಲಿ ಆರಂಭವಾದ ಈ ನಿಲ್ದಾಣ ನಮಗೆ ದೇವನಹಳ್ಳಿಗಿಂತ ಹತ್ತಿರ. ಕೆಳಗಿನ ಬರ್ತ್ ಸಿಕ್ಕರೆ ಕಾಲು ಚಾಚಿ ಮಲಗಬಹುದು, ಗಾಳಿಯ ಒತ್ತಡದ ಚಿಂತೆಯಿಲ್ಲ. ಎದೆಯಲ್ಲಿ, ಕಣ್ಣಿನಲ್ಲಿ ಗಾಳಿ ಸಿಕ್ಕಿಕೊಂಡವರಿಗೆ ವೈದ್ಯರು ಪಯಣಕ್ಕೆ ಒಪ್ಪಿದರೆ ಇದೇ ದಾರಿ. ಆದರೆ ಕಾಯ್ದಿರಿಸದ ಬೋಗಿಯಲ್ಲಿ, ಕಾಲಿಡಲು ಜಾಗವಿಲ್ಲದ ಕಡೆ, ಒಂದು ದಿನಕ್ಕೂ ಹೆಚ್ಚು ಪಯಣ, ಶೌಚಾಲಯಕ್ಕೆ ಕುಂಟುತ್ತ ಹೋಗುವ ಪಾಡು. ಮುರಿದ ಕಾಲಿಗೆ ಅದಕ್ಕಿಂತ ಸೀಳಿದ ಪ್ಲಾಸ್ಟರಿನ ಎರಡು ಗಂಟೆ ಎಷ್ಟೋ ವಾಸಿ.

ವಿಮಾನವೇ ಎಂದು ನಿಶ್ಚಯಿಸಿದವರು ಟಿಕೆಟ್ ಮಾಡುವಾಗಲೇ ಗಾಯದ ವಿಷಯ ತಿಳಿಸಬೇಕು. ಗಂಭೀರ ಗಾಯವಾದರೆ ಮೆಡಿಫ್ ಎಂಬ ನಮೂನೆಯನ್ನು ವೈದ್ಯರಿಂದ ತುಂಬಿಸಿ ಕಳಿಸಬೇಕು. ಗಾಲಿಕುರ್ಚಿಯನ್ನು ಮುಂಚೆಯೇ ಕೇಳಿಟ್ಟರೆ ಒಳ್ಳೆಯದು. ಮೆಟ್ಟಿಲು ಹತ್ತಲಾಗದವರನ್ನು ವಿಮಾನದ ಬಾಗಿಲಿಗೇ ಎತ್ತುವ ಆಂಬುಲಿಫ್ಟ್ ಎಂಬ ವಾಹನವೂ ಉಂಟು. ಊರುಗೋಲನ್ನು ಏರುವಾಗ, ಇಳಿಯುವಾಗ ಸಿಬ್ಬಂದಿ ಎತ್ತಿಡುತ್ತಾರೆ, ಆಮೇಲೆ ಕೊಡುತ್ತಾರೆ. ಮೊಣಕಾಲು ಮಡಚಲಾಗದ ಉದ್ದನೆಯ ಪ್ಲಾಸ್ಟರಾದರೆ ಒಂದು ಸೀಟು ಸಾಲದು. ಗಾಳಿ ತುಂಬಿದ ಪ್ಲಾಸ್ಟಿಕ್ ಪಟ್ಟಿಯಿಂದ ಕಾಲು ಕಟ್ಟಿದ್ದರೆ ಅದನ್ನು ಬದಲಿಸಿಕೊಂಡೇ ಹೋಗಬೇಕು. ಕಾರಣ ಈಗ ನಿಮಗೇ ಗೊತ್ತು.

ಕಾರ್ಖಾನೆಯವರಿಗೆ ಇನ್ನೊಂದು ಮಾತು. ಕೆಲಸದ ವೇಳೆ ಆದ ಗಾಯಕ್ಕೆ ಇಎಸ್‌ಐ ಇರುವವರಿಗೆ ಸರಾಸರಿ ಕೂಲಿಯ ಶೇಕಡಾ 90ರಷ್ಟು ಭತ್ಯೆ ಸಿಗುವ ಏರ್ಪಾಡಿದೆ. ಆದರೆ ಭತ್ಯೆ ಪಡೆಯುವಾತ ಚಿಕಿತ್ಸೆ ನಡೆಯುವ ಪ್ರದೇಶವನ್ನು ವೈದ್ಯಾಧಿಕಾರಿಯ ಅನುಮತಿಯಿಲ್ಲದೆ ಬಿಡಬಾರದೆಂದು 1948ರ ಇಎಸ್‌ಐ ಕಾಯ್ದೆಯಲ್ಲೇ ಬರೆದಿದ್ದರು. ಊರಿಗೆ ಹೋಗುವ ಆತುರದಲ್ಲಿ ಅಪಘಾತವನ್ನು ದಾಖಲಿಸದೆ, ಯಾರಿಗೂ ಹೇಳದೆ ಹೊರಟರೆ ಕಾಲಿನ ಜೊತೆಗೆ ಕೂಲಿಯೂ ಹೋಗುವ ಭಯವಿದೆ. ಅದೇ ಚೀಟಿ ಬರೆಯುವ ವೈದ್ಯರನ್ನು ಈ ಅನುಮತಿಯನ್ನೂ ಕೇಳಿದರೆ ಒಂದೇ ಓಡಾಟದಲ್ಲಿ ಎರಡು ಕೆಲಸ.

ಒಟ್ಟಿನಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರು. ಮೈಯಲ್ಲಿ ಎಲ್ಲಾದರೂ ಗಾಳಿ ಸಿಕ್ಕಿಕೊಂಡಿದೆಯೆ? ಬಾವು ಇಳಿಯತೊಡಗಿದೆಯೆ, ಇಲ್ಲವಾದರೆ ಅದಕ್ಕೆ ಹಿಗ್ಗಲು ಜಾಗವಿದೆಯೆ? ಕೋಣೆಯ ಬಾಗಿಲಿನಿಂದ ಊರಿನ ಮನೆಯ ಬಾಗಿಲಿನವರೆಗೆ ಇಡೀ ದಾರಿಯನ್ನು ಈ ದೇಹ ತಾಳುತ್ತದೆಯೆ? ಉತ್ತರ ಹೇಳಬೇಕಾದವರು ಗಾಯವನ್ನು ಕಂಡ ವೈದ್ಯರು. ಟಿಕೆಟ್ ಮಾರುವ ಅಂಗಡಿಯವರಲ್ಲ, ವಿಮಾನದಲ್ಲಿ ಹೋಗಿ ಬಂದ ಗೆಳೆಯನೂ ಅಲ್ಲ. ಟಿಕೆಟ್ ಕೊಂಡ ಮೇಲೆ ಕೇಳುವುದಕ್ಕಿಂತ ಕೊಳ್ಳುವ ಮೊದಲೇ ಕೇಳಿದರೆ ದುಡ್ಡೂ ಉಳಿದೀತು, ಕಾಲೂ ಉಳಿದೀತು.